ಕನ್ನಡಿಯ ಹಿಂದಿನ ಅಂಟು

ಹತ್ತೊಂಬತ್ತು ವರ್ಷ ಮಾವನ ಪಕ್ಕದ ಸ್ಟೂಲಿನ ಮೇಲೆ ಕೂತು ದೊಡ್ಡಳಿಯ ಜಾದೂ ಸಾಮಾನುಗಳನ್ನು ರಿಪೇರಿ ಮಾಡಿದ್ದ. ಆದರೆ ಆಳನ್ನೇ ಮಾಯ ಮಾಡುವ ಪೆಟ್ಟಿಗೆ ಕಾರ್ಖಾನೆಗೆ ಬಂದಾಗ ಮಾವ ಅದನ್ನು ಕೊಟ್ಟದ್ದು, ಮನೆಗೆ ಬಂದು ಮೂರೇ ವರ್ಷವಾಗಿದ್ದ ಚಿಕ್ಕಳಿಯನಿಗೆ.

"ಈ ಸಲ ಅವರು ಮಾಡ್ಲಿ. ನೀವು ಇದ್ದೇ ಇದ್ದೀರಲ್ಲ," ಎಂದರು ಮಾವ.

ಇದ್ದೇ ಇದ್ದೀರಲ್ಲ! ಗೋಡೆಗೆ ಹೊಡೆದ ಮೊಳೆಯ ಹಾಗೆ. ಮಾವನಿಗೆ ಕಣ್ಣು ಮಂಜಾಗುತ್ತಿತ್ತು. ಬೀರುವಿನಲ್ಲಿ ಅವರ ರಟ್ಟಿನ ಪುಸ್ತಕವಿತ್ತು. ನಲವತ್ತು ವರ್ಷಗಳ ಗುಟ್ಟುಗಳೆಲ್ಲ, ಯಾವ ಬಾಗಿಲು ಎಲ್ಲಿ ತೆರೆಯುತ್ತದೆ, ಯಾವ ತಳ ಸುಳ್ಳು ಎಂಬುದೆಲ್ಲ, ಅದರಲ್ಲಿದ್ದವು. ಅದು ಯಾರ ಕೈಗೆ ಹೋಗುತ್ತದೆಂದು ಅವನಿಗೆ ಈಗ ತಿಳಿದುಹೋಯಿತು. ಪೆಟ್ಟಿಗೆ ಕಾರ್ಖಾನೆಯಲ್ಲಿ ಇದ್ದಷ್ಟು ದಿನ ಅವನು ಅದರ ಹತ್ತಿರ ಸುಳಿಯಲಿಲ್ಲ.

ಷಡ್ಡಕನನ್ನು ಎಲ್ಲರೂ ಕರೆಯುತ್ತಿದ್ದದ್ದು 'ಅವಸರ' ಎಂದು. ಬಂದ ಹೊಸದರಲ್ಲಿ ಏನು ಮುರಿದರೂ ಅವನು ಕ್ಷಣದಲ್ಲಿ ಹಿಡಿಯುವ ಪುಟ್ಟ ಟ್ಯೂಬಿನ ಅಂಟನ್ನೇ ಸುರಿಯುತ್ತಿದ್ದ. ಹಾಗೆ ಅಂಟಿಸಿದ ಗೂಡೊಂದು ಪ್ರದರ್ಶನದ ನಡುವೆ ಎರಡು ಹೋಳಾಗಿ, ಪಾರಿವಾಳ ಜಾದೂಗಾರನಿಗಿಂತ ಮೊದಲೇ ಸಭೆಗೆ ನಮಸ್ಕಾರ ಹೇಳಿ ಹೊರಟುಹೋಗಿತ್ತು. ಈಚೆಗೆ ಅವನು ಪಳಗಿದ್ದ. ಪೆಟ್ಟಿಗೆಯ ಕೆಲಸ ಶುರುವಾದ ಮರುದಿನವೇ ಬಂದು ಕೇಳಿದ್ದ:

"ಅಣ್ಣಾ, ಕನ್ನಡಿಗೆ ಯಾವ್ದು ಹಾಕ್ಲಿ?"

"ರಬ್ಬರಿನ ಹಾಗೆ ಒಣಗುತ್ತಲ್ಲ, ಆ ಅಂಟು. ಹುಳಿ ವಾಸನೆ ಬರೋದನ್ನ ಮಾತ್ರ ತಗೋಬೇಡ, ಕನ್ನಡಿಯ ಬೆನ್ನಿನ ಬೆಳ್ಳಿ ತಿಂದುಹಾಕುತ್ತೆ. ಎರಡು ದಿನ ಒಣಗೋಕೆ ಬಿಡು."

ಹೇಳಿದ್ದೆಲ್ಲ ನಿಜ. ಅಂಟಿನ ವಿಷಯದಲ್ಲಿ ಸುಳ್ಳು ಹೇಳಲು ಅವನ ನಾಲಿಗೆಗೆ ಬರುತ್ತಿರಲಿಲ್ಲ. ಕೈಗೆ ಬರುತ್ತದೆಂದು ಗೊತ್ತಾದದ್ದು ಆಮೇಲೆ.

ಪೆಟ್ಟಿಗೆಯ ಒಳಗೆ ಆಳೆತ್ತರದ ಕನ್ನಡಿ ಅಂಟಿಸಿದ ಒಂದು ಹಲಗೆಯಿತ್ತು. ಜಾದೂಗಾರ ಕೋಲು ಬೀಸಿದಾಗ ಆ ಹಲಗೆ ಬಾಗಿಲಿನಂತೆ ತಿರುಗಿ, ಅಡ್ಡಪಟ್ಟಿಗೆ ಠಪ್ಪನೆ ಬಡಿದು ನಿಲ್ಲುತ್ತದೆ; ಒಳಗಿರುವವರು ಅದರ ಹಿಂದೆ ಮರೆಯಾಗುತ್ತಾರೆ. ರಬ್ಬರಿನಂಥ ಅಂಟು ಆ ಪೆಟ್ಟನ್ನು ನುಂಗಿಕೊಳ್ಳುತ್ತದೆ. ಕ್ಷಣದ ಅಂಟಿಗೆ ಆ ತಾಳ್ಮೆಯಿಲ್ಲ. ನಿಂತಲ್ಲಿ ಬಂಡೆಯ ಹಾಗೆ ಹಿಡಿದಿರುತ್ತದೆ, ಪೆಟ್ಟು ಬಿದ್ದರೆ ಹಪ್ಪಳದ ಹಾಗೆ ಬಿಟ್ಟುಕೊಡುತ್ತದೆ. ಬಿದ್ದ ಕನ್ನಡಿಯ ಹಿಂದೆ ಷಡ್ಡಕನ ಹಳೆಯ ಚಾಳಿಯ ಆ ಅಂಟು ಕಂಡರೆ ಯಾರಿಗೂ ಎರಡನೆಯ ಯೋಚನೆ ಬರುವುದಿಲ್ಲ. ಯಾರಿಗೂ ಗಾಯವಾಗುವುದೂ ಇಲ್ಲ: ಜಾದೂಗಾರ ತಾಲೀಮಿನಲ್ಲಿ ಮೊದಲು ಖಾಲಿ ಪೆಟ್ಟಿಗೆಯನ್ನು ನಾಲ್ಕೈದು ಸಲ ಆಡಿಸಿ ನೋಡುತ್ತಾನೆ. ಒಡೆಯುವುದು ಒಂದು ಕನ್ನಡಿ, ಒಬ್ಬನ ಹೆಸರು, ಅಷ್ಟೇ. ಈ ಮಾತನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡನೆಂದರೆ, ಊಟಕ್ಕೆ ಕೂತಾಗ ಹೆಂಡತಿ, "ಏನು, ಒಬ್ಬೊಬ್ಬರೇ ಮಾತಾಡ್ತಿದ್ದೀರಿ?" ಎಂದಳು.

ಪೆಟ್ಟಿಗೆ ರಂಗಮಂದಿರ ಸೇರಿದ ದಿನ, ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ, ಅವನು ಹಿಂಬಾಗಿಲಿನಿಂದ ಒಳಹೊಕ್ಕ. ಪೆಟ್ಟಿಗೆ ಮಿಂಚುತ್ತಿತ್ತು. ಅವಸರ ಒಳಗೋಡೆಗೆ ಏಳು ಕೋಟು ಕಪ್ಪು ಮೆರುಗು ಕೊಟ್ಟು, ಉಜ್ಜಿ, ಮಾವ ಕಲಿಸಿದಂತೆ ಕೊನೆಯಲ್ಲಿ ಕೈಗೆ ಬಟ್ಟೆ ಸುತ್ತಿಕೊಂಡೇ ಹೊಳಪು ತಂದಿದ್ದ. ಒಳ್ಳೆಯ ಕೆಲಸ. ಅದನ್ನು ಅವನೂ ಒಪ್ಪಿಕೊಂಡ. ಆದರೂ ಕನ್ನಡಿಯ ಹಿಂದೆ ಸಣ್ಣ ತಂತಿ ಹಾಯಿಸಿ ರಬ್ಬರಿನಂಥ ಅಂಟನ್ನು ಕೊಯ್ದ, ಕೆರೆದ, ಒದ್ದೆ ಬಟ್ಟೆಯಿಂದ ಒರೆಸಿದ. ಕೈಗವಸು ಹಾಕಲಿಲ್ಲ, ಕ್ಷಣದ ಅಂಟು ತಾಗಿದರೆ ಹತ್ತಿಯ ಕೈಗವಸು ಕೆಂಡದಂತೆ ಸುಡುತ್ತದೆಂಬುದು ಅವನಿಗೆ ಗೊತ್ತಿತ್ತು. ಮೂರು ಟ್ಯೂಬು ಧಾರಾಳವಾಗಿ ಸುರಿದು, ಎಡಗೈಯನ್ನು ಪೆಟ್ಟಿಗೆಯ ಒಳಗೋಡೆಗೆ ಊರಿ, ಬಲಭುಜದಿಂದ ಕನ್ನಡಿಯನ್ನು ಒತ್ತಿ ಹಿಡಿದ. ಕನ್ನಡಿ, ಹಿಡಿಕೆ, ಚಿಲಕ ಎಲ್ಲವನ್ನೂ ಒರೆಸಿದ. ಖಾರ ವಾಸನೆ ಹೊರಗೆ ಬರಬಾರದೆಂದು ಬಾಗಿಲನ್ನು ಬಿಗಿಯಾಗಿ ಮುಚ್ಚಿ, ಮೇಲೆ ದಪ್ಪ ಹೊದಿಕೆ ಎಳೆದ.

ಮಾರನೆಯ ಬೆಳಿಗ್ಗೆ ತಾಲೀಮು. ಅವನು ಕಾರ್ಖಾನೆಯಲ್ಲೇ ಉಳಿದ. ಹನ್ನೊಂದಕ್ಕೆ ಫೋನು ಬಂತು. ಮಾತಾಡಿದ ಮಾವ ಫೋನಿಟ್ಟು ಚಪ್ಪಲಿ ಹುಡುಕತೊಡಗಿದರು.

"ಕನ್ನಡಿ ಬಿತ್ತಂತೆ. ಜಾದೂಗಾರನ ತಂಗಿ ಒಳಗಿದ್ಳಂತೆ."

"ಒಳಗಾ? ಖಾಲಿ ಆಡಿಸಿ ನೋಡ್ಲಿಲ್ವಾ?"

"ನೋಡಿದ್ರಂತೆ. ಐದು ಸಲ. ಆರನೇದಕ್ಕೆ ಬಿತ್ತು."

ಐದು ಪೆಟ್ಟನ್ನು ಅಂಟು ತಡೆದುಕೊಂಡಿತ್ತು. ಅವನು ಅಷ್ಟು ಚೆನ್ನಾಗಿ ಅಂಟಿಸಿದ್ದ.

ಆಸ್ಪತ್ರೆಯ ಕಾರಿಡಾರಿನಲ್ಲಿ ಜಾದೂಗಾರ ಯಾರನ್ನೂ ನೋಡದೆ ಕೂತಿದ್ದ. ತಂಗಿಯ ಬಲ ಮುಂಗೈಯ ನರ ತುಂಡಾಗಿತ್ತು. ಹೊಲಿದಿದ್ದಾರೆ, ಬೆರಳು ಆಡುತ್ತವೋ ಇಲ್ಲವೋ ತಿಂಗಳು ಕಳೆದ ಮೇಲೆ ಗೊತ್ತಾಗುತ್ತದೆ ಎಂದು ನರ್ಸು ಹೇಳಿದಳು. ಆ ಹುಡುಗಿ ಇಸ್ಪೀಟು ಬೀಸಣಿಗೆಯಂತೆ ಬಿಚ್ಚುತ್ತಿದ್ದದ್ದು ಅದೇ ಕೈಯಿಂದ. ಅವನು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಹೇಳಿಬಿಡಬೇಕು ಅನ್ನಿಸಿತು. ಅಷ್ಟರಲ್ಲಿ ಅವಸರ ಬಂದು ಪಕ್ಕದಲ್ಲಿ ಕುಸಿದ.

"ನನ್ನದೇ ತಪ್ಪು ಅಣ್ಣಾ. ನೀವು ಎರಡು ದಿನ ಅಂದ್ರಿ, ನಾನೂ ಎರಡೇ ದಿನ ಬಿಟ್ಟೆ. ಮೂರು ಬಿಡಬೇಕಿತ್ತೇನೋ. ನೀವು ಹೇಳಿದ್ದು ಸರಿಯಾಗೇ ಇತ್ತು, ನಾನೇ ಎಲ್ಲೋ ಎಡವಿದೆ."

ಅವನು ಷಡ್ಡಕನ ಬೆನ್ನ ಮೇಲೆ ಕೈಯಿಟ್ಟ. ತನ್ನ ಯೋಜನೆ ಇಷ್ಟು ಸಲೀಸಾಗಿ ಕೈಗೂಡುತ್ತದೆಂದು ಅವನು ಎಣಿಸಿರಲಿಲ್ಲ. ಕೈಗೂಡಿದ್ದು ಇಷ್ಟು ಅಸಹ್ಯವಾಗಿರುತ್ತದೆಂದೂ ಎಣಿಸಿರಲಿಲ್ಲ. "ಆಗೋದು ಆಗಿಹೋಯ್ತು, ಬಿಡು," ಎಂದ. ಆ ಮಾತು ಬೇರೆ ಯಾರದೋ ಬಾಯಿಂದ ಬಂದಂತಿತ್ತು.

ಸಂಜೆ ಮೂವರೂ ರಂಗಮಂದಿರಕ್ಕೆ ಹೋದರು. ಮಾವ ಹಲಗೆಯ ಮೇಲೆ ಉಗುರಿನಿಂದ ಕೆರೆದು ನೋಡಿದರು. ಗಾಜಿನಂಥ ಹರಳು ಎದ್ದಿತು, ಒಣಗಿದ ಕ್ಷಣದ ಅಂಟು.

"ಇದು ನಾನು ಹಾಕಿದ್ದಲ್ಲ ಮಾವ," ಎಂದ ಅವಸರ, ಬೆಪ್ಪಾಗಿ.

ದೊಡ್ಡಳಿಯ ನೆಲ ನೋಡುತ್ತ ನಿಂತ. ಅವನು ಕಾದಿದ್ದ ಗಳಿಗೆ ಇದೇ. ಈಗ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು.

ಮಾವ ಟಾರ್ಚು ತರಿಸಿ, ಮಂಜುಗಣ್ಣಿಗೆ ಕಾಣಲೆಂದು ಬೆಳಕನ್ನು ಓರೆಯಾಗಿ ಒಳಗೋಡೆಯ ಮೇಲೆ ಹಾಯಿಸಿದರು. ಕ್ಷಣದ ಅಂಟಿನ ಹಬೆ ಮುಚ್ಚಿದ ಜಾಗದಲ್ಲಿ ಬಿಳಿ ಪೊರೆಯಾಗಿ ಕೂರುತ್ತದೆಂಬುದು ಈ ಕಸುಬಿನ ಎಲ್ಲರಿಗೂ ಗೊತ್ತು, ಅವನಿಗೂ ಗೊತ್ತಿತ್ತು. ಆದರೆ ಆ ಹಬೆ ಎಲ್ಲಕ್ಕಿಂತ ಮೊದಲು ಹುಡುಕಿಕೊಂಡು ಹೋಗುವುದು ಮನುಷ್ಯರ ಬೆರಳು ಬಿಟ್ಟುಹೋದ ಬೆವರಿನ ಜಿಡ್ಡನ್ನು ಎಂಬುದನ್ನು ಹತ್ತೊಂಬತ್ತು ವರ್ಷಗಳಲ್ಲಿ ಅವನು ಒಮ್ಮೆಯೂ ಗಮನಿಸಿರಲಿಲ್ಲ. ಏಳು ಕೋಟಿನ ಕಪ್ಪಿನ ಮೇಲೆ ಒಂದು ಅಂಗೈ, ಐದು ಬೆರಳು, ಗೆರೆ ಗೆರೆಯೂ ಸುಣ್ಣದಲ್ಲಿ ಬರೆದಂತೆ ಬೆಳ್ಳಗೆ ನಿಂತಿತ್ತು. ಅವಸರ ತನ್ನ ಕೈಯನ್ನು ಅದರ ಮುಂದೆ ಹಿಡಿದು ನೋಡಿದ. ಗುರುತು ಒಂದು ಬೆರಳಗಲ ದೊಡ್ಡದಿತ್ತು. ಮಾವ ಟಾರ್ಚನ್ನು ಆರಿಸದೆ, ಎಂದಿನ ಮರ್ಯಾದೆಯಲ್ಲೇ ಹೇಳಿದರು: "ಅಳಿಯಂದಿರೇ, ನಿಮ್ಮ ಎಡಗೈ ಸ್ವಲ್ಪ ಇಲ್ಲಿ ಕೊಡಿ."