ಉರಿಗಾಂ ಹುಡುಗಿಯ ವಿಳಾಸ

"ಎಲ್ಲಿರೋದು ನೀವು?"

ಇಂಟರ್‌ವ್ಯೂನಲ್ಲಿ ಅಷ್ಟು ಹೊತ್ತು ಪಟಪಟನೆ ಉತ್ತರ ಕೊಡುತ್ತಿದ್ದ ಬಿಂದುಶ್ರೀ ಈಗ ತಡವರಿಸಿದಳು.

"ಕೆ.ಆರ್. ಪುರ, ಮೇಡಂ. ಚಿಕ್ಕಮ್ಮನ ಮನೇಲಿ..."

ಸುಳ್ಳು! ಕೆ.ಆರ್. ಪುರದಲ್ಲಿ ಅವಳಿಗೆ ಚಿಕ್ಕಮ್ಮನೂ ಇಲ್ಲ, ಚಿಕ್ಕಪ್ಪನೂ ಇಲ್ಲ. ಅವಳ ಮನೆ ಇರುವುದು ಕೆ.ಜಿ.ಎಫ್.ನ ಉರಿಗಾಂನಲ್ಲಿ. ಅಲ್ಲಿಂದ ದಿನಾ ರೈಲಿನಲ್ಲಿ ಬಂದು ಹೋಗುತ್ತೇನೆ ಎಂದು ನಿಜ ಹೇಳಿದ ಕಡೆಯಲ್ಲೆಲ್ಲ ಬಂದದ್ದು ಒಂದೇ ಉತ್ತರ. "ತಿಳಿಸ್ತೀವಿ." ಆ ಪುಣ್ಯಾತ್ಮರು ಇವತ್ತಿನವರೆಗೂ ಏನನ್ನೂ ತಿಳಿಸಿಲ್ಲ. ಎಂ.ಕಾಂ.ನಲ್ಲಿ ಫಸ್ಟ್ ಕ್ಲಾಸ್ ಬಂದ ಹುಡುಗಿ, ಪಾಪ, ಈಗ ಸುಳ್ಳು ಹೇಳುವುದನ್ನು ಹೊಸದಾಗಿ ಕಲಿಯುತ್ತಿದ್ದಳು.

ಶ್ಯಾಮಲ ಮೇಡಂ ನಕ್ಕರು. "ಹಾಗಿದ್ರೆ ಸರಿ. ತಿಂಗಳ ಕೊನೇಲಿ ಅಕೌಂಟ್ಸ್ ಮುಗಿಸೋವಾಗ ಲೇಟಾಗುತ್ತೆ. ನೀವು ವೈಟ್‌ಫೀಲ್ಡ್‌ಗೆ ಹತ್ತಿರದಲ್ಲೇ ಇದೀರಲ್ಲ! ಸೋಮವಾರ ಬಂದ್ಬಿಡಿ."

ಸಿಕ್ಕಿತು! ಕೆಲಸ ಸಿಕ್ಕಿಯೇ ಬಿಟ್ಟಿತು! ಬಿಂದುಗೆ ಅಲ್ಲೇ ಕುಣಿಯಬೇಕು ಅನ್ನಿಸಿತು. ಮೇಡಂ ಮಾತಾಡುತ್ತಲೇ ಅವಳನ್ನು ಹೊರಗಿನ ಹಾಲ್‌ವರೆಗೆ ಕರೆತಂದರು.

ಅಲ್ಲಿ ಸರದಿಗೆ ಕಾಯುತ್ತಿದ್ದ ಹುಡುಗನೊಬ್ಬ ಅವಳನ್ನು ಕಂಡದ್ದೇ ತಡ, ಎದ್ದು ನಿಂತ.

"ಅಯ್ಯೋ, ನೀವಿನ್ನೂ ಇಲ್ಲೇ ಇದೀರಾ? ಮಾರಿಕುಪ್ಪಂ ಟ್ರೈನು ಬರೋ ಒತ್ತಾಯ್ತು! ನಂದಿನ್ನೂ ಆಗಿಲ್ಲ, ನೀವು ಓಡಿ! ಇದು ತಪ್ಪಿದ್ರೆ ಉರಿಗಾಂ ಸೇರೋ ಅಷ್ಟೊತ್ಗೆ ಕತ್ಲಾಯ್ತದೆ!"

ಪಾಸ್ ಇಟ್ಟುಕೊಂಡು ದಿನಾ ಓಡಾಡುವವರ ರೂಢಿ ಅದು. ಹೆಸರು ಗೊತ್ತಿರಬೇಕೆಂದಿಲ್ಲ, ಮುಖ ನೋಡಿದ್ದರೆ ಸಾಕು; ರೈಲಿನ ಹೊತ್ತಾದರೆ ಒಬ್ಬರನ್ನೊಬ್ಬರು ಕೂಗಿ ಎಬ್ಬಿಸಿಯೇ ತೀರುತ್ತಾರೆ. ಬಂಗಾರಪೇಟೆಯಲ್ಲಿ ಹತ್ತುತ್ತಿದ್ದ ಈ ಚಲಪತಿ, ಕೆಲಸ ಹುಡುಕಿಕೊಂಡು ಉರಿಗಾಂನಿಂದ ಬರುತ್ತಿದ್ದ ಅವಳನ್ನು ಎಷ್ಟೋ ಸಲ ನೋಡಿದ್ದ. ಉಪಕಾರ ಮಾಡಿದೆನೆಂದು ಹಲ್ಲು ಬೇರೆ ಕಿರಿಯುತ್ತಿದ್ದ, ಕತ್ತೆ!

ಮೇಡಂ ಮುಖದ ನಗು ಇಳಿಯಿತು. "ಉರಿಗಾಂ? ಅಂದ್ರೆ... ಕೆ.ಜಿ.ಎಫ್.?"

ಬಿಂದು ತಲೆ ತಗ್ಗಿಸಿದಳು.

"ಸೋಮವಾರ ಬೇಡ, ಬಿಂದುಶ್ರೀ. ನಾವೇ ತಿಳಿಸ್ತೀವಿ."

ಅವಳು ಓಡಲಿಲ್ಲ. ರೈಲು ಹೋದ ಮೇಲೆ ವೈಟ್‌ಫೀಲ್ಡ್ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತು ಅಳುತ್ತಿದ್ದಾಗ ಅವನೂ ಬಂದ.

"ರೀ... ಟ್ರೈನ್ ಸಿಗ್ಲಿಲ್ವಾ?"

"ಥೂ! ನಿಮಗೆ ನಾನೇನು ಅನ್ಯಾಯ ಮಾಡಿದ್ದೆ? ಕೈಗೆ ಬಂದಿದ್ದ ಕೆಲಸ ಕಣ್ರೀ ಅದು! ಕೆ.ಆರ್. ಪುರದಲ್ಲಿದೀನಿ ಅಂತ ಹೇಳಿದ್ದೆ!"

ಚಲಪತಿಯ ಮುಖ ಬಿಳಿಚಿಕೊಂಡಿತು. "ದೇವ್ರಾಣೆ ನಂಗ್ ಗೊತ್ತಿರ್ಲಿಲ್ಲ..."

"ಮಾತಾಡ್ಬೇಡಿ!"

ವಾರ ಕಳೆಯುವಷ್ಟರಲ್ಲಿ ಆ ಕೆಲಸ ಅವನಿಗೇ ಸಿಕ್ಕಿತೆಂಬ ಸುದ್ದಿಯನ್ನು ಗೆಳತಿ ಸುಕನ್ಯ ತಂದಳು.

"ಅವನ ಊರೂ ಬಂಗಾರಪೇಟೆ ಹತ್ರಾನೇ ಅಲ್ವೇನೇ? ಅವನಿಗೆ ಹೇಗೆ ಕೊಟ್ರು?"

"ಗಂಡುಡ್ಗ ಕಣೇ. ನಾಳೇನೇ ಇಲ್ಲೇ ರೂಮ್ ಮಾಡ್ತೀನಿ ಅಂದ್ನಂತೆ, ಮುಗೀತು. ನಿಮ್ಮಪ್ಪ ನಿನ್ನ ಬಿಡ್ತಾರಾ?"

ಬಿಡುವುದಿಲ್ಲ. ಫ್ಯಾಕ್ಟರಿ ಕೆಲಸಕ್ಕೆಂದು ಈ ಊರಿಗೆ ಬಂದ ಅಪ್ಪ ಶಶಿಧರ್ ಮಗಳನ್ನು ಎಷ್ಟು ಬೇಕಾದರೂ ಓದಿಸಿದರು. "ಪಿ.ಜಿ.ಲಿ ಒಬ್ಬಳೇ ಇರೋದೊಂದು ಕೇಳಬೇಡ, ಮಗಳೇ" ಎಂದರೆ ಅದೇ ಕೊನೆಯ ಮಾತು.

'ಬೇಕಂತಲೇ ಕೂಗಿದ... ಮೋಸಗಾರ!' ಬಿಂದುವಿನ ಎದೆಯಲ್ಲಿ ಬೆಂಕಿ ಬಿತ್ತು.

ಆಮೇಲೆ ಅವಳು ಸುಳ್ಳು ಹೇಳುವುದನ್ನೇ ಬಿಟ್ಟಳು. "ಕೆ.ಜಿ.ಎಫ್.? ನಮಗೂ ಸ್ವಲ್ಪ ಚಿನ್ನ ತನ್ನಿ!" ಎಂದು ಒಬ್ಬ ಮ್ಯಾನೇಜರ್ ನಕ್ಕ. ನಗದಿದ್ದರೆ ಕೆಲಸ ತಪ್ಪೀತು ಎಂದು ಅವಳೂ ನಕ್ಕಳು. ನಕ್ಕರೂ ಕೊಡಲಿಲ್ಲ.

ಚಲಪತಿ ಶನಿವಾರ ಸಂಜೆ ಊರಿಗೆ ಬರುವಾಗ ಒಮ್ಮೊಮ್ಮೆ ಅದೇ ಬೋಗಿಯಲ್ಲಿ ಸಿಗುತ್ತಿದ್ದ. ಅವಳು ಮುಖ ತಿರುಗಿಸುತ್ತಿದ್ದಳು. ಅವನು ಬಾಗಿಲ ಬಳಿಯೇ ನಿಂತು, ಬಂಗಾರಪೇಟೆ ಬಂದಾಗ ಮೆಲ್ಲಗೆ ಇಳಿದುಹೋಗುತ್ತಿದ್ದ.

ಒಂದು ದಿನ ಸುಕನ್ಯ ಅದೇ ಆಫೀಸಿಗೆ ಇಂಟರ್‌ವ್ಯೂಗೆ ಹೋಗಿ, ಕೆಲಸ ಸಿಗದೆ ಬಂದಳು.

"ಲೇ ಬಿಂದು, ಆ ಮೇಡಂ ಏನಂದ್ರು ಗೊತ್ತಾ? 'ಬಿಂದುಶ್ರೀ ನಿಮ್ಮೂರೋಳಾ? ಚಲಪತಿ ಅವಳ ಹೆಸರು ಹೇಳಿ ಹೇಳಿ ನನ್ನ ತಲೆ ತಿಂದ. ನನ್ನ ಜಾಗಕ್ಕೆ ಅವಳನ್ನ ತಗೊಳ್ಳಿ ಅಂತ ಮೊದಲನೇ ದಿನವೇ ಜಗಳ ಆಡಿದ. ನೀನು ಬಿಟ್ಟರೂ ಅವಳಿಗೆ ಕೊಡಲ್ಲ ಅಂತ ನಾನಂದ ಮೇಲೇ ಅವನು ಸೇರ್ಕೊಂಡಿದ್ದು' ಅಂದ್ರು!"

ಬಿಂದು ಇಷ್ಟು ದಿನ ಯಾರನ್ನು ಬೈದುಕೊಂಡಳೋ ಅವನೇ ತನಗಾಗಿ ಜಗಳ ಆಡಿದ್ದನಲ್ಲ... ನಾಚಿಕೆಯಾಯಿತು.

ಮುಂದಿನ ಶನಿವಾರ ಅವಳೇ ಸರಿದು ಕೂತು ಜಾಗ ಕೊಟ್ಟಳು. "ಕೂತ್ಕೊಳ್ಳಿ. ನಿಂತೇ ಎಷ್ಟು ದಿನ ಹೋಗ್ತೀರಾ?"

ಹಾಗೆ ಶುರುವಾದದ್ದು ಶನಿವಾರದಿಂದ ಶನಿವಾರಕ್ಕೆ ಬೆಳೆಯಿತು. 'ನೀವು' ಹೋಗಿ 'ನೀನು' ಬಂತು. ಕೆಲಸ ಮಾತ್ರ ಬರಲಿಲ್ಲ.

ಅವತ್ತು ಬಂಗಾರಪೇಟೆಯಲ್ಲಿ ರೈಲು ನಿಂತಾಗ ಚಲಪತಿ ಅವಳನ್ನು ಪ್ಲಾಟ್‌ಫಾರ್ಮಿಗೆ ಇಳಿಸಿಕೊಂಡ.

"ಬಿಂದು, ಕೆ.ಆರ್. ಪುರದಾಗೆ ಒಂದು ಮನೆ ನೋಡಿವ್ನಿ. ಚಿಕ್ಕದು. ನಾವು ಮದ್ವೆ ಆದ್ರೆ..."

ಅವಳು ಈ ಮಾತಿಗಾಗಿ ಎಷ್ಟು ಕಾದಿದ್ದಳು!

"...ನಿಂಗೂ ಅದೇ ವಿಳಾಸ ಆಯ್ತದೆ. ಮೇಡಂನ ಕೇಳ್ದೆ. ಮದ್ವೆ ಆಗಿ ಅಲ್ಲೇ ಇದ್ರೆ ತಗೋತೀವಿ ಅಂದ್ರು!"

ಬಿಂದು ಅವನನ್ನೇ ನೋಡಿದಳು. "ಅಂದ್ರೆ, ನನ್ನ ಓದಿಗೆ ಸಿಗದ ಕೆಲಸ ನಿನ್ನ ಬಾಡಿಗೆ ಮನೆಗೆ ಸಿಗುತ್ತೆ. ಅಲ್ವಾ?"

"ಅಂಗಲ್ಲ..."

"ಹಾಗೇ! ನಾನು ಅದೇ ಬಿಂದು, ಅದೇ ಮಾರ್ಕ್ಸು. ತಾಳಿ ಒಂದು ಹೆಚ್ಚು, ಅಷ್ಟೇ. ಕರುಣೆಗೆ ಮದುವೆ ಆಗ್ತೀಯಾ ಚಲಪತಿ? ಅವತ್ತು ಕೂಗಿದ ತಪ್ಪಿಗೆ ದಂಡ ಕಟ್ತೀಯಾ?"

ಅವನ ಕಣ್ಣು ತುಂಬಿತು. "ದಂಡ ಅಲ್ಲ ಕಣೇ. ನಿನ್ನ ಟ್ರೈನಾಗೆ ನೋಡ್ದಾಗಿಂದ ನಂಗಿಷ್ಟ. ನೀನು ಕತ್ಲಾಗೆ ಒಬ್ಳೇ ಓಗ್ಬಾರ್ದು ಅಂತ ಕೂಗ್ದೆ. ನನ್ ಪ್ರೀತೀನೇ ನಿನ್ ಕೆಲ್ಸ ತಿಂದಾಕ್ತು... ಕೆಲ್ಸ ಬಿಡು ಅನ್ನು, ಬಿಡ್ತೀನಿ. ಇಲ್ಲೇ ಇರಾಣ ಅನ್ನು, ಇರ್ತೀನಿ."

"ಬೇಡ. ಇಬ್ಬರೂ ಖಾಲಿ ಕೂತು ಏನು ಮಾಡೋಣ?"

ಅವಳಿಗೆ ಅವನೂ ಬೇಕು, ಕೆಲಸವೂ ಬೇಕು. ಆದರೆ ತಾನು ಓದಿ ಗಳಿಸಬೇಕಾಗಿದ್ದನ್ನು ಹೀಗೆ ಹೆಂಡತಿಯಾಗಿ ಪಡೆಯಬೇಕಲ್ಲ ಎಂದು ಹೊಟ್ಟೆ ಉರಿಯಿತು.

"ನನಗೂ ನೀನಂದ್ರೆ ಪ್ರಾಣ, ಚಲಪತಿ. ಅಪ್ಪನ ಹತ್ರ ಬಂದು ಮಾತಾಡು. ಆದ್ರೆ ಆ ಕೆಲಸ ಸಿಕ್ಕಿದ ದಿನ ಸ್ವೀಟ್ ತರಬೇಡ."

"ತರಲ್ಲ."

"ಕಂಗ್ರಾಟ್ಸ್ ಅನ್ನಬೇಡ."

"ಅನ್ನಲ್ಲ."

"ಅವತ್ತು ನಾನು ಅಳ್ತೀನಿ..."

ಅವನು ಅವಳ ಕೈ ಹಿಡಿದುಕೊಂಡ. "ಅಳು. ನಾನು ಪಕ್ಕದಾಗೇ ಕೂತಿರ್ತೀನಿ."