ನೀರು ಇಂಗುವ ತನಕ

ಹುಲಗೇಶನನ್ನು ಮೊದಲ ಸಲ ನೋಡಿದಾಗ ಸೌಂದರ್ಯಾ ಅವನೊಬ್ಬ ಸೋಮಾರಿ ಎಂದುಕೊಂಡಳು. ಧಾರವಾಡದ ಅಂಚಿನ ಕೆಲಗೇರಿಯ ಹೊಸ ಬಂಗಲೆಯೊಂದರ ಹಿತ್ತಲಲ್ಲಿ ಗೇಣು ಆಳದ ಗುಂಡಿ ತೋಡಿ, ಅದಕ್ಕೊಂದು ತಂಬಿಗೆ ನೀರು ಸುರಿದು, ಪಕ್ಕದಲ್ಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದ. ಲಾನ್ ಹಾಕಲು ಎಷ್ಟಾಗುತ್ತದೆಂದು ಮನೆಯವರು ಎರಡು ಸಲ ಕೇಳಿದರೂ ಬಾಯಿ ಬಿಡಲಿಲ್ಲ. ಏನು ನೋಡುತ್ತಿದ್ದೀರಿ ಎಂದು ಇವಳು ಕೇಳಿದಳು.

"ನೀರು ಇಂಗಲಿರಿ. ಆಮ್ಯಾಲೆ ರೇಟ್ ಹೇಳೋಣು."

ಅವಳಿಗೆ ನಗು ಬಂತು. ರೇಟ್ ಹೇಳುವುದು ಅವಳ ಕೆಲಸ. ಧಾರವಾಡದ ಗಾರ್ಡನ್ ಕಂಪನಿಯೊಂದಕ್ಕೆ ಸೇರಿದ ಎರಡು ವರ್ಷಗಳಲ್ಲಿ ಊರಿಗೊಂದು, ಋತುವಿಗೊಂದು ದರದ ಪಟ್ಟಿಯನ್ನು ಲ್ಯಾಪ್‌ಟಾಪಿನಲ್ಲಿ ಕಟ್ಟಿಟ್ಟಿದ್ದಳು. ಬೆಳಗಾವಿಯಲ್ಲಿ ಮಳೆಗಾಲಕ್ಕೆ ಹುಲ್ಲು ಹುಚ್ಚೆದ್ದು ಬೆಳೆಯುತ್ತದೆ, ತಿಂಗಳಿಗೆ ನಾಲ್ಕು ಸಲ ಕತ್ತರಿಸಬೇಕು. ಗದಗದಲ್ಲಿ ಬೇಸಿಗೆ ಬಂತೆಂದರೆ ಟ್ಯಾಂಕರ್ ನೀರಿನದೇ ಖರ್ಚು. ಧಾರವಾಡದ ಕೆಂಪು ಮಣ್ಣಿಗೆ ಒಂದು ದರ. ಹುಬ್ಬಳ್ಳಿಯ ಕಪ್ಪು ಎರೆಭೂಮಿಗೆ ಇನ್ನೊಂದು, ಯಾಕೆಂದರೆ ಅಲ್ಲಿ ಮೇಲೆ ಕೆಂಪು ಮಣ್ಣು ತಂದು ಹರಡದಿದ್ದರೆ ಹುಲ್ಲು ಕೊಳೆಯುತ್ತದೆ. ಇಷ್ಟೆಲ್ಲ ಇದ್ದೂ ಹೊಸದಾಗಿ ಸೇರಿದ್ದ ಈ ಶಿರಗುಪ್ಪಿಯ ಮೇಸ್ತ್ರಿ ಅವಳ ಪಟ್ಟಿಗಿಂತ ತನ್ನ ತಂಬಿಗೆಯನ್ನೇ ನಂಬಿದ್ದ.

ಕೆಂಪು ಮಣ್ಣು ಐದು ನಿಮಿಷದಲ್ಲಿ ನೀರು ಕುಡಿದು ಮುಗಿಸುತ್ತದೆ. ಮಳೆಗಾಲದ ಎರೆಮಣ್ಣಿಗೆ ಮುಕ್ಕಾಲು ತಾಸು ಬೇಕು. ಆ ವರ್ಷದ ಮಳೆಗಾಲದಲ್ಲಿ ಹುಬ್ಬಳ್ಳಿಯ ಸೈಟುಗಳಿಗೆಲ್ಲ ತಾನೇ ಹೋಗುತ್ತೇನೆಂದು ಸೌಂದರ್ಯಾ ಆಫೀಸಿನಲ್ಲಿ ಹಟ ಹಿಡಿದಳು. ಕಾರಣ ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಗುಂಡಿಯ ಆಚೆ ಅವನು, ಈಚೆ ಇವಳು. ಇವಳು ಅವನ ರೆಪ್ಪೆಗೆ ಮೆತ್ತಿದ ಮಣ್ಣಿನ ಪುಡಿ ನೋಡಿದರೆ ಅವನು ನೀರು ನೋಡುತ್ತಿದ್ದ. ಇವಳು ನೀರಿನತ್ತ ತಿರುಗಿದ ಕೂಡಲೇ ಅವನ ಕಣ್ಣು ಇವಳ ಕಿವಿಯೋಲೆಯ ಹತ್ತಿರ ಬಂದು ನಿಲ್ಲುತ್ತಿತ್ತು. ಒಂದು ದಿನ, ಇನ್ನೂ ಇಂಗಿಲ್ಲವೇ ಎಂದು ಕೇಳಿದಳು.

"ಇಂಗಿ ಹತ್ತು ನಿಮಿಷ ಆತ್ರಿ," ಎಂದ ಹುಲಗೇಶ.

"ಮತ್ತ ಹೇಳಲಿಲ್ಲ?"

"ನೀವೂ ಕೇಳಲಿಲ್ಲಲ್ರಿ."

ಅವಳ ಮುಖ ಕೆಂಪಾಯಿತು. ಪ್ರೀತಿ ಅಂದಿಗೇ ಖಾತ್ರಿಯಾಗಿತ್ತು, ಆದರೆ ಬಾಯಿಗೆ ಬರಲಿಲ್ಲ. ಅವಳ ಅಪ್ಪ ರಾಜಶೇಖರ ಹುಬ್ಬಳ್ಳಿ ಪೇಟೆಯ ದೊಡ್ಡ ಕಾಳಿನ ವ್ಯಾಪಾರಿ. ಮನೆಯಲ್ಲಿ ಲಿಂಗಪೂಜೆಯಾಗದೆ ಚಹಾ ಕೂಡ ಕುಡಿಯುವವರಲ್ಲ. ಬೇರೆ ಜಾತಿಯ ಹುಡುಗನ ಹೆಸರೆತ್ತಿದರೆ ಅವರ ಮುಖ ಹೇಗಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹೀಗಾಗಿ ಇವತ್ತು ನಾಳೆ ಎನ್ನುತ್ತ ಇಡೀ ಚಳಿಗಾಲ ತಳ್ಳಿದಳು. ಆಫೀಸಿನಲ್ಲಿ ಎಲ್ಲರ ಬಾಯಿ ಮುಚ್ಚಿಸುವ ಹುಡುಗಿ ಈ ಒಂದು ವಿಷಯದಲ್ಲಿ ಪಕ್ಕಾ ಪುಕ್ಕಲಿ.

ಏಪ್ರಿಲಿನಲ್ಲಿ ಹುಬ್ಬಳ್ಳಿ ಬಳಿಯ ತಾರಿಹಾಳದ ಒಂದು ಕಾರ್ಖಾನೆಯ ಕೆಲಸ ಬಂತು. ಮುಂದಿನ ಅಂಗಳಕ್ಕೆಲ್ಲ ಲಾನ್ ಬೇಕಿತ್ತು. ಪುಣೆಯ ಕಂಪನಿಯೊಂದು ಆಗಲೇ ಚದರ ಅಡಿಗೆ ಎರಡು ರೂಪಾಯಿ ಕಡಿಮೆ ಹೇಳಿತ್ತು. ತಿಂಗಳ ಕೊನೆಯೊಳಗೆ ದರ ಕೊಡಬೇಕು.

ನೆತ್ತಿ ಸುಡುವ ಬಿಸಿಲಿನಲ್ಲಿ ಹುಲಗೇಶ ಅಂಗಳದ ನಡುವೆ ಗುಂಡಿ ತೋಡಿ ನೀರು ಸುರಿದ. ನೀರು ಒಂದೇ ಗುಟುಕಿಗೆ ಮಾಯವಾಯಿತು. ಇನ್ನೊಂದು ತಂಬಿಗೆ ಸುರಿದ, ಅದೂ ಹೋಯಿತು. ಇಡೀ ಕೊಡ ಬಗ್ಗಿಸಿದರೂ ಗುಂಡಿಯಲ್ಲಿ ಹನಿ ನಿಲ್ಲಲಿಲ್ಲ. ಅವನು ಬಗ್ಗಿ ಗುಂಡಿಯ ಬಾಯಿಗೆ ಅಂಗೈ ಹಿಡಿದ.

"ಒಳಗಿಂದ ತಣ್ಣಗ ಗಾಳಿ ಬರಾಕತ್ತೈತಿ. ಕೈ ಇಟ್ಟು ನೋಡ್ರಿ."

ಅವಳು ಇಡಲಿಲ್ಲ. ಬೇಸಿಗೆಯಲ್ಲಿ ಎರೆಭೂಮಿ ಬಿರುಕು ಬಿಡುತ್ತದೆ, ನೀರು ಬಿರುಕಿನಲ್ಲಿ ಇಳಿದು ಹೋಗುತ್ತದೆ, ಇದನ್ನು ಕಲಿಸಿದವನು ಅವನೇ ಅಲ್ಲವೇ ಎಂದಳು. ಬಿರುಕಾದರೂ ಎಲ್ಲೋ ಒಂದು ಕಡೆ ತುಂಬಬೇಕು ಎಂದ ಅವನು. ಜೂನಿನಲ್ಲಿ ಮಳೆ ಬಿದ್ದು ಬಿರುಕು ಮುಚ್ಚಿದ ಮೇಲೆ ಇನ್ನೊಮ್ಮೆ ನೋಡೋಣ, ಅಲ್ಲಿಯ ತನಕ ರೇಟ್ ಬೇಡ ಎಂದು ಕೇಳಿಕೊಂಡ. ಜೂನಿನ ತನಕ ಪುಣೆಯವರು ಕಾಯುತ್ತಾರೆಯೇ ಎಂದು ರೇಗಿ, ಅಲ್ಲೇ ನಿಂತು ಪಟ್ಟಿಯ ಬೇಸಿಗೆ ದರದಲ್ಲಿ ಎರಡೂವರೆ ರೂಪಾಯಿ ಇಳಿಸಿ ಮೇಲ್ ಕಳಿಸಿದಳು. ಹುಲಗೇಶ ತಂಬಿಗೆ ಎತ್ತಿಕೊಂಡು ಬೈಕಿನತ್ತ ನಡೆದ.

"ನೀವು ಹೇಳಿದ ರೇಟಿಗೆ ಕೆಲಸ ಮಾಡಿ ಕೊಡ್ತೇನ್ರಿ. ನಿಮ್ಮ ಮಾತು ಕೆಳಗ ಬೀಳಬಾರದು."

ಅದು ಸಿಟ್ಟಿನ ಮಾತೋ ಪ್ರೀತಿಯ ಮಾತೋ ಅವಳಿಗೆ ತಿಳಿಯಲಿಲ್ಲ. ಕೆಲಸ ಅವರ ಕಂಪನಿಗೇ ಸಿಕ್ಕಿತು, ಆದರೆ ಸುಮಾರು ಎರಡು ತಿಂಗಳು ಇಬ್ಬರೂ ಮಾತಾಡಲಿಲ್ಲ. ಅವನು ಸೈಟಿನಲ್ಲಿ, ಇವಳು ಆಫೀಸಿನಲ್ಲಿ. ದಿನಕ್ಕೆ ಹತ್ತು ಸಲ ಫೋನ್ ತೆಗೆದು ನೋಡುತ್ತಿದ್ದಳು. ಎದೆಯಲ್ಲಿ ಏನೋ ಸರಿಯಿಲ್ಲ ಎನಿಸುತ್ತಿತ್ತು. ವಿರಹಕ್ಕೆ ಹಾಗಾಗುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಜೂನಿನ ಮೂರನೆಯ ವಾರ, ಮಳೆ ಬಿಡುವು ಕೊಟ್ಟ ಒಂದು ಮಧ್ಯಾಹ್ನ, ಮುಂದಿನ ನಿರ್ವಹಣೆಯ ದರ ಮಾತಾಡಲು ತಾರಿಹಾಳಕ್ಕೆ ಹೋದಳು. ಕೆಲಸದ ಹೆಣ್ಣುಮಕ್ಕಳು ಗೋಡೆಯ ನೆರಳಲ್ಲಿ ಬುತ್ತಿ ಬಿಚ್ಚಿದ್ದರು. ಅಂಗಳದ ತುಂಬ ಹರಡಿದ ಕೆಂಪು ಮಣ್ಣಿನ ಮೇಲೆ ಹುಲಗೇಶ ರೋಲರ್ ಓಡಿಸುತ್ತಿದ್ದ. ಒಂದೂವರೆ ಟನ್ನಿನ ಯಂತ್ರ. ಇವಳನ್ನು ನೋಡಿಯೂ ನೋಡದವನಂತೆ ತಿರುಗಿದ.

ಮ್ಯಾನೇಜರ್ ಶಾಬುದ್ದೀನ ಮಹಡಿಯ ಕೋಣೆಯಲ್ಲಿ ಕೂರಿಸಿ ಚಹಾ ತರಿಸಿದರು. ಒಳ್ಳೆಯ ಮನುಷ್ಯ, ಮಾತು ಜಾಸ್ತಿ. ಅಕ್ಕಪಕ್ಕದ ಕಾರ್ಖಾನೆಗಳ ಅಂಗಳವೆಲ್ಲ ಕೆರೆಯಾಗಿದೆ, ನಮ್ಮದು ನೋಡಿ ಎಂದು ಹೆಮ್ಮೆಪಟ್ಟರು.

"ಮೂರು ವಾರ ಮಳಿ ಹೊಡದ್ರೂ ಒಂದು ಹನಿ ನಿಲ್ಲಂಗಿಲ್ರಿ. ಎಲ್ಲಿ ಹೋಗ್ತೈತೋ ಆ ಅಲ್ಲಾಗ ಗೊತ್ತು."

ಅವಳ ಕೈಯಲ್ಲಿನ ಚಹಾ ಕಪ್ ಅರ್ಧಕ್ಕೇ ನಿಂತಿತು. ಮೂರು ವಾರದ ಮಳೆಗೆ ಎರೆಭೂಮಿಯಲ್ಲಿ ಒಂದು ಬಿರುಕೂ ಉಳಿಯುವುದಿಲ್ಲ. ಮೊದಲು ಇಲ್ಲಿ ಏನಿತ್ತು ಎಂದು ಕೇಳಿದಳು. ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಇತ್ತಂತೆ, ಹೊಲಸು ನೀರಿಗೆ ಭಾರೀ ಹೊಂಡ ತೋಡಿದ್ದರಂತೆ, ಮಾರುವಾಗ ಮೇಲೆ ಹಲಗೆ ಹಾಸಿ ಮಣ್ಣು ಮುಚ್ಚಿ ಕೊಟ್ಟರಂತೆ ಎಂದರು ಶಾಬುದ್ದೀನ. ಕಿಟಕಿಯಾಚೆ ರೋಲರ್ ಅಂಗಳದ ನಡುವಿಗೆ ಬರುತ್ತಿತ್ತು.

ಮೆಟ್ಟಿಲು ಹೇಗೆ ಇಳಿದಳೋ ಅವಳಿಗೇ ನೆನಪಿಲ್ಲ. ಅಂಗಳದ ಅಂಚಿಗೆ ಬಂದು ಎರಡೂ ಕೈ ಎತ್ತಿ ನಿಲ್ಲಿಸೆಂದು ಸನ್ನೆ ಮಾಡಿದಳು. ಹುಲಗೇಶ ನಕ್ಕ. ಎರಡು ತಿಂಗಳ ಮೇಲೆ ತಾನಾಗಿಯೇ ರಾಜಿಗೆ ಬಂದಳೆಂದುಕೊಂಡು ಎಂಜಿನ್ ಬಂದ್ ಮಾಡಿದ.

ಆಗ ಕೆಳಗಿನ ಸದ್ದು ಕೇಳಿತು. ಎಲ್ಲೋ ಆಳದಲ್ಲಿ ಮಣ್ಣು ನೀರಿಗೆ ಬೀಳುತ್ತಿತ್ತು. ಅವನ ನಗು ಇಂಗಿತು. ರೋಲರಿನ ಸುತ್ತ ಕೆಂಪು ಮಣ್ಣು ಮೆಲ್ಲಗೆ ಬಿರಿಯುತ್ತಿದ್ದುದು ಅವನಿಗೆ ಕಾಣುತ್ತಿರಲಿಲ್ಲ. ಇವಳಿಗೆ ಕಾಣುತ್ತಿತ್ತು.

"ಓಡಬ್ಯಾಡ," ಎಂದಳು. ಅವನನ್ನು ಏಕವಚನದಲ್ಲಿ ಕರೆದದ್ದು ಅದೇ ಮೊದಲು. "ಇಳಿದು ಸಾವಕಾಶ ಬಾ. ಕೆಳಗ ನೋಡಬ್ಯಾಡ, ನನ್ನ ನೋಡಕೋತ ಬಾ."

ಇಪ್ಪತ್ತು ಹೆಜ್ಜೆಯ ದಾರಿ. ಅವನು ಇಳಿದು ಒಂದು ಹೆಜ್ಜೆ ಇಟ್ಟ. ಹೆದರಿ ಓಡಿದರೆ ಮುಗಿಯಿತು, ನಿಂತರೂ ಮುಗಿಯಿತು. ಅವನ ಕಣ್ಣು ತನ್ನ ಮೇಲಿಂದ ಸರಿಯದಂತೆ ಅವಳು ಮಾತಾಡತೊಡಗಿದಳು. ಮಳೆಗಾಲದಲ್ಲಿ ತಾನು ನೋಡುತ್ತಿದ್ದದ್ದು ನೀರನ್ನಲ್ಲ ಎಂದಳು. ಅಪ್ಪನಿಗೆ ಹೆದರಿ ಒಂದು ವರ್ಷ ಬಾಯಿ ಮುಚ್ಚಿಕೊಂಡೆ ಎಂದಳು. ಪಟ್ಟಿಯ ಅಹಂಕಾರದಲ್ಲಿ ನಿನ್ನ ಮಾತು ಕೇಳದೆ ನಿನ್ನನ್ನು ಇಲ್ಲಿಗೆ ಕಳಿಸಿದವಳು ನಾನೇ ಎಂದಳು. ಅವನ ಎಡಗಾಲು ಮೊಣಕಾಲಿನ ತನಕ ಇಳಿಯಿತು.

"ನೀ ಇಲ್ಲದ ನನಗ ನಡ್ಯಾಂಗಿಲ್ಲ, ಹುಲಗೇಶ. ಕಾಲು ಎಳಕೋ. ಬಾ."

ಅವನು ಕಾಲು ಕಿತ್ತುಕೊಂಡ. ಕೊನೆಯ ಹೆಜ್ಜೆಗೆ ಅವಳು ಅವನ ಮಣಿಕಟ್ಟು ಹಿಡಿದು ಎಳೆದಳು. ಇಬ್ಬರೂ ಗೋಡೆಯ ಬುಡಕ್ಕೆ ಬಿದ್ದರು. ಹಿಂದೆ ರೋಲರ್ ಒಂದು ಕಡೆ ವಾಲಿ, ಸುತ್ತಲಿನ ಮಣ್ಣಿನೊಡನೆ ಒಳಗೆ ಹೋಯಿತು. ತಳ ಮುಟ್ಟಿದ ಸದ್ದು ತಡವಾಗಿ ಬಂತು. ಹಳೆಯ ಬಣ್ಣದ ಕಮಟು ವಾಸನೆ ಅಂಗಳವನ್ನೆಲ್ಲ ತುಂಬಿತು. ಹೆಣ್ಣುಮಕ್ಕಳು ಬುತ್ತಿ ಬಿಟ್ಟು ಎದ್ದು ನಿಂತರು.

ಹುಲಗೇಶ ಎದ್ದು ಕೂತು ಅವಳತ್ತ ತಿರುಗಿದ.

"ಈಗ ಅಂದದ್ದು ನನ್ನ ನಡಸಾಕ ಅಂದ್ಯೋ, ಖರೇನ ಅಂದ್ಯೋ?"

ಅವಳಿಗೆ ಸಿಟ್ಟು ಬಂತು, ಅಳುವೂ ಬಂತು. ಮಣ್ಣು ಮೆತ್ತಿದ ಬೆರಳಿನಿಂದ ಫೋನ್ ಒತ್ತಿದಳು. ಇನ್ನೊಂದು ಕೈ ಅವನ ಮಣಿಕಟ್ಟನ್ನು ಹಿಡಿದೇ ಇತ್ತು.

"ಅಪ್ಪಾ, ನಾ ಮದವಿ ಆಗೋ ಹುಡುಗನ ಹೆಸರು ಹುಲಗೇಶ. ಶಿರಗುಪ್ಪಿಯವ, ನಮ್ಮ ಮಂದಿ ಅಲ್ಲ. ಸಂಜಿಕ ಮನಿಗೆ ಕರಕೊಂಡು ಬರಾಕತ್ತೇನಿ."

ಅತ್ತ ಕಡೆ ಪೇಟೆಯ ಗದ್ದಲ ಕೇಳುತ್ತಿತ್ತು, ಅಪ್ಪನ ಮಾತು ಕೇಳಲಿಲ್ಲ. ಹೊಂಡದ ಅಂಚಿನಿಂದ ಇನ್ನಷ್ಟು ಮಣ್ಣು ಜಾರಿತು. ಸೌಂದರ್ಯಾ ಫೋನ್ ಇಡಲಿಲ್ಲ. ಕಿವಿಗೆ ಒತ್ತಿಕೊಂಡು ಕಾದಳು.