ಆರು ಗಂಟೆಯ ಹಾಲು

ಡಿಸೆಂಬರ್ 31, ಬೆಳಿಗ್ಗೆ 7.40. ಬಣಕಲ್ ಠಾಣೆಯ ಮುಂದೆ ಹೆಡ್ ಕಾನ್‌ಸ್ಟೆಬಲ್ ಗಂಗಾಧರಪ್ಪ ಜೀಪಿನ ಗಾಜಿಗೆ ಕೂತಿದ್ದ ಇಬ್ಬನಿಯನ್ನು ಹಳೇ ಬಟ್ಟೆಯಿಂದ ಒರೆಸುತ್ತಿದ್ದ. ಅರ್ಧ ಗಾಜು ಮುಗಿಯುವಷ್ಟರಲ್ಲಿ ಬೈಕೊಂದು ಬಂದು ನಿಂತಿತು. ಇಳಿದವನು ಹಸಿರುಗುಡ್ಡ ಕಿರು ಮೃಗಾಲಯದ ಮ್ಯಾನೇಜರ್ ಮೋಹಿತ್.

"ನಮ್ಮ ಜಿಂಕೆ ಕಳವಾಗಿದೆ" ಎಂದ.

ಸಬ್ ಇನ್‌ಸ್ಪೆಕ್ಟರ್ ಶಾಲಿನಿ ದೂರು ಬರೆಸಿಕೊಂಡರು. ಚುಕ್ಕೆ ಜಿಂಕೆ, ಹೆಣ್ಣು, ಒಂದು ವರ್ಷದ್ದು, ಹೆಸರು ಮಲ್ಲಿ, ಕಿವಿಯಲ್ಲಿ 14ನೇ ನಂಬರಿನ ಬಿಲ್ಲೆ. ಆ ಸಂಜೆ ಮೃಗಾಲಯದಲ್ಲಿ ಹೊಸ ವರ್ಷದ ಕಾರ್ಯಕ್ರಮವಿತ್ತು. ಅತಿಥಿಗಳ ಮಕ್ಕಳು ವೇದಿಕೆಯ ಮೇಲೆ ಮಲ್ಲಿಗೆ ಬಾಟಲಿಯಲ್ಲಿ ಹಾಲು ಕುಡಿಸುವುದಿತ್ತು, ಆಮೇಲೆ ಪಟಾಕಿ.

"ಪೋಸ್ಟರಲ್ಲೇ ಹಾಕಿಬಿಟ್ಟಿದ್ದೇವೆ ಮೇಡಂ. ಸಂಜೆಯೊಳಗೆ ಸಿಗ್ಲೇಬೇಕು."

"ಸಿಗದಿದ್ರೆ ನೀವೇ ಬಾಟಲಿ ಹಿಡ್ಕೊಂಡು ನಿಲ್ಲಿ ಮಾರಾಯ್ರೆ" ಎಂದ ಗಂಗಾಧರಪ್ಪ.

8.15ಕ್ಕೆ ಎಫ್‌ಐಆರ್ ದಾಖಲಾಯಿತು. ಅರಣ್ಯ ಇಲಾಖೆಗೂ ಮಾಹಿತಿ ಹೋಯಿತು.

9.05ಕ್ಕೆ ಇಬ್ಬರು ಪಂಚರ ಎದುರು ಸ್ಥಳ ಪಂಚನಾಮೆ ಶುರುವಾಯಿತು. ಜಿಂಕೆ ಆವರಣದ ಬೀಗ ಒಡೆದಿರಲಿಲ್ಲ. ಜಾಲರಿಯಲ್ಲಿ ಒಂದು ಕೂದಲೂ ಸಿಕ್ಕಿರಲಿಲ್ಲ. ಹಿಂಬಾಗಿಲಿನಿಂದ ಕಾಡಿನ ಕಾಲುದಾರಿಯವರೆಗೆ ಹಸಿ ಮಣ್ಣಿನಲ್ಲಿ ಗೊರಸಿನ ಗುರುತು, ಅದರ ಮುಂದೆ ಒಬ್ಬನದೇ ಚಪ್ಪಲಿಯ ಗುರುತು. ಗಂಗಾಧರಪ್ಪ ಕುಕ್ಕರಗಾಲಲ್ಲಿ ಕೂತು ನೋಡಿದ.

"ಎಳ್ಕೊಂಡು ಹೋದ ಜಿಂಕೆ ಹೀಗೆ ನಡೆಯೋದಿಲ್ಲ ಮೇಡಂ. ಇದು ತಾಯಿ ಹಿಂದೆ ಹೋದ ಹಾಗೆ ಹೋಗಿದೆ."

ಪ್ರಾಣಿಪಾಲಕ ಉಬೈದ್ ಹನ್ನೊಂದು ವರ್ಷದಿಂದ ಅಲ್ಲೇ ಕೆಲಸದಲ್ಲಿದ್ದವನು. ಅವನ ವಸತಿ ಮನೆಯ ಮೆಟ್ಟಿಲ ಮೇಲೆ ಒಂಬತ್ತು ವರ್ಷದ ಮಗಳು ಹುಸ್ನಾ ಮೊಣಕಾಲು ತಬ್ಬಿಕೊಂಡು ಕೂತಿದ್ದಳು.

"ಮಲ್ಲಿ ಯಾರು ಕರೆದರೂ ಬರ್ತದಾ?" ಶಾಲಿನಿ ಉಬೈದನನ್ನು ಕೇಳಿದರು.

"ಪಾತ್ರೆ ಸದ್ದಾದ್ರೆ ಸಾಕು, ಬರ್ತಾಳೆ. ಹಾಲು ಅಂತ ತಿಳ್ಕೊಳ್ತಾಳೆ."

"ಇಲ್ಲ ಅಂತ ಗೊತ್ತಾಗಿದ್ದು?"

"ಇವತ್ತು ಬೆಳಿಗ್ಗೆ ಆರೂವರೆಗೆ, ಹಾಲು ಕುಡಿಸ್ಲಿಕ್ಕೆ ಹೋದಾಗ."

ಶಾಲಿನಿ ಮೇವಿನ ಕೋಣೆಗೆ ಹೋದರು. ಗೋಡೆಗೆ ತೂಗುಹಾಕಿದ್ದ ದಿನಚರಿಯಲ್ಲಿ ವರ್ಷವಿಡೀ ಒಂದೇ ಕೈಬರಹ: ಬೆಳಿಗ್ಗೆ ಆರಕ್ಕೆ ಹಾಲು ಕಾಯಿಸಿದ್ದು, ಆರೂವರೆಗೆ ಕುಡಿಸಿದ್ದು. ರಂಜಾನಿನಲ್ಲೂ ತಪ್ಪಿರಲಿಲ್ಲ, ಜ್ವರ ಬಂದ ದಿನವೂ ತಪ್ಪಿರಲಿಲ್ಲ. ಸ್ಟೌ ತಣ್ಣಗಿತ್ತು. ಪಾತ್ರೆ ಒಣಗಿತ್ತು. ಅಂದಿನ ಹಾಲಿನ ಪ್ಯಾಕೆಟ್ ಒಡೆಯದೆ ಬೇಸಿನ್ನಿನಲ್ಲಿ ಬಿದ್ದಿತ್ತು.

ಅವರು ಹೊರಗೆ ಬಂದು ತಗ್ಗಿದ ದನಿಯಲ್ಲಿ ಕೇಳಿದರು. "ಜಿಂಕೆ ಇಲ್ಲ ಅಂತ ಆರೂವರೆಗೆ ಗೊತ್ತಾಗಿದ್ದು. ಆರು ಗಂಟೆಗೆ ಹಾಲು ಯಾಕೆ ಕಾಯಿಸ್ಲಿಲ್ಲ, ಉಬೈದ್?"

ಉಬೈದ್ ತನ್ನ ಕೈಗಳನ್ನೇ ನೋಡಿಕೊಂಡು ನಿಂತ.

"ಎಲ್ಲಿ ಬಿಟ್ಟೆ?"

"ನಿನ್ನೆ ಸಂಜೆ, ಹಳ್ಳದಾಚೆ. ಎಲ್ರೂ ಸ್ಟೇಜ್ ಕಟ್ತಿದ್ರು."

"ಕೈಯಾರೆ ಸಾಕಿದ್ದು. ಕಾಡಲ್ಲಿ ಬದುಕ್ತದಾ?"

"ಕಲೀತಾಳೆ ಮೇಡಂ" ಎಂದ. "ಕಲೀಲೇಬೇಕು."

11.20ಕ್ಕೆ ಠಾಣೆಯಿಂದ ಫೋನ್ ಬಂತು. ಉಬೈದನನ್ನು ಕಾಯಲು ಒಬ್ಬ ಕಾನ್‌ಸ್ಟೆಬಲ್‌ನನ್ನು ಬಿಟ್ಟು ಶಾಲಿನಿ ಮತ್ತು ಗಂಗಾಧರಪ್ಪ ಜೀಪು ಹತ್ತಿದರು.

ಮೂರು ಕಿಲೋಮೀಟರ್ ಆಚೆಯ ಎಸ್ಟೇಟಿನ ಕೂಲಿ ಲೈನು, ಕೆಲಸಗಾರರ ಸಾಲು ಮನೆಗಳು. ಕೊಯ್ಲಿನ ಕಾಲ, ಗಂಡಸರೆಲ್ಲ ತೋಟಕ್ಕೆ ಹೋಗಿದ್ದರು. ನಲ್ಲಿಯ ಪಕ್ಕದಲ್ಲಿ ಯಾವುದರ ಮೇಲೋ ಕಾಫಿ ಚೀಲವೊಂದನ್ನು ಹೊದೆಸಿಟ್ಟಿದ್ದರು. ನಂಜಮ್ಮ ಎಂಬ ಕೆಲಸದ ಹೆಂಗಸು ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತ ಹೇಳಿದಳು.

"ಪಾತ್ರೆ ತೊಳೀತಿದ್ದೆ ಅವ್ವಾ. ಬೇಲಿ ದಾಟಿ ಸೀದಾ ನನ್ನ ಹತ್ರಾನೇ ಬಂತು. ಕೈ ಮೂಸಿ ನೋಡ್ತು. ನಾಯಿ ಬಂದಾಗ್ಲೂ ಓಡ್ಲಿಲ್ಲ, ನನ್ನ ಸೀರೆ ಹಿಂದೆ ನಿಂತ್ಕೊಳ್ತು. ನಾಲ್ಕು ನಾಯಿ. ನಾನೊಬ್ಳೇ ಏನು ಮಾಡ್ಲಿ?"

ಅವಳ ಮುಂಗೈಯಲ್ಲೂ ನಾಯಿ ಹಲ್ಲಿನ ಗಾಯವಿತ್ತು. ಶಾಲಿನಿ ಮೊದಲು ಅವಳನ್ನು ಆಸ್ಪತ್ರೆಗೆ ಕಳಿಸಿದರು. ಆಮೇಲೆ ಚೀಲ ಸರಿಸಿದರು. ಕಿವಿಯ ಬಿಲ್ಲೆ 14. ಪಂಚನಾಮೆ ಮುಗಿದಾಗ 12.50. ಕಳೇಬರವನ್ನು ಪಶುವೈದ್ಯರಿಗೆ ಒಪ್ಪಿಸಲಾಯಿತು.

ಅವರು ಮೃಗಾಲಯಕ್ಕೆ ಮರಳುವ ಹೊತ್ತಿಗೆ ಅರಣ್ಯಾಧಿಕಾರಿ ನೋಟಿಸು ಅಂಟಿಸಿ ಹೋಗಿದ್ದರು: ತನಿಖೆ ಮುಗಿಯುವ ತನಕ ಕಾರ್ಯಕ್ರಮವಿಲ್ಲ, ಪಟಾಕಿಯಿಲ್ಲ. ಹುಡುಗರು ವೇದಿಕೆಯ ದೀಪಗಳನ್ನು ಬಿಚ್ಚುತ್ತಿದ್ದರು.

ಉಬೈದನನ್ನು ಅವನ ಮನೆಯೊಳಗೇ ಕೂರಿಸಿ ಶಾಲಿನಿ ನಡೆದದ್ದನ್ನು ಹೇಳಿದರು. ಆಮೇಲೆ ಅವನು ಹೇಳಿಕೆ ಕೊಟ್ಟ. ಗಂಗಾಧರಪ್ಪ ಬರೆದುಕೊಂಡ.

"ಹೋದ ವರ್ಷ ಇದೇ ದಿನ ಪಟಾಕಿ ಹೊಡೆದ್ರು. ಇವಳ ತಾಯಿ ಹೆದರಿ ಜಾಲರಿಗೆ ನುಗ್ಗಿ ಕತ್ತು ಮುರ್ಕೊಂಡ್ಳು. ಮಲ್ಲಿಗೆ ಆಗ ನಾಲ್ಕು ದಿನ. ಈ ಸಲ ಬೇಡ ಅಂತ ಎರಡು ಸಲ ಬರೆದು ಕೊಟ್ಟೆ. ಇವತ್ತು ರಾತ್ರಿ ಬಾಕಿ ಏಳು ಜಿಂಕೆನ ಹಿಂದಿನ ಕೊಟ್ಟಿಗೆಗೆ ಸೇರಿಸಿ, ಸದ್ದು ಬರದ ಹಾಗೆ ಗೋಣಿ ಕಟ್ಟಿ, ನಾನೂ ಒಳಗೆ ಕೂರ್ತಿದ್ದೆ. ಇವಳನ್ನ ಮಾತ್ರ ಸ್ಟೇಜಿಗೇ ಬೇಕು ಅಂದ್ರು."

ಹೊರಗೆ ದೀಪ ಬಿಚ್ಚುವ ಸದ್ದು ಕೇಳಿ ಕಿಟಕಿಯತ್ತ ನೋಡಿದ. "ಕಾರ್ಯಕ್ರಮ ನಿಂತಿತಾ?"

"ನಿಂತಿತು."

"ನಿನ್ನೆ ನಿಂತಿದ್ರೆ ಆಗ್ತಿತ್ತು" ಎಂದ.

ಮಧ್ಯಾಹ್ನ 3.10ಕ್ಕೆ ಉಬೈದ್ ದಸ್ತಗಿರಿ ಪತ್ರಕ್ಕೆ ಸಹಿ ಹಾಕಿದ. ಉದ್ದೇಶ ಎಂಬ ಕಡೆ ಗಂಗಾಧರಪ್ಪ ಪೆನ್ನು ಎತ್ತಿ ಹಿಡಿದು ಶಾಲಿನಿಯತ್ತ ನೋಡಿದ. ಲಾಭ ಎಂದು ಬರೆಯುವ ಹಾಗಿರಲಿಲ್ಲ, ದ್ವೇಷ ಎಂದೂ ಬರೆಯುವ ಹಾಗಿರಲಿಲ್ಲ. "ಜಿಂಕೆಯ ಜೀವ ಉಳಿಸಲು ಅಂತ ಬರೀರಿ" ಎಂದರು ಶಾಲಿನಿ.

ಬೇಡಿ ಹಾಕಲಿಲ್ಲ. ಉಬೈದ್ ಹೊಸಿಲು ದಾಟಿದ. ಬಾಗಿಲ ಮರೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ ಹುಸ್ನಾ ಅಪ್ಪನ ಅಂಗಿಯ ತುದಿ ಹಿಡಿದಳು.

"ಅಬ್ಬೂ, ಮನುಷ್ಯರ ಹತ್ರ ಹೋಗ್ಬೇಡ ಅಂತ ನಾವು ಅವಳಿಗೆ ಯಾಕೆ ಕಲಿಸ್ಲಿಲ್ಲ?"